ಕಿಟ್ಟಿನ ಒಂದು ಗೆರೆಯಿಂದ ಚಾಲಕನ ಕೆಲಸ ಹೋಗಬಹುದೇ?

ಪ್ರಶ್ನೆ: ನನಗೆ 38 ವರ್ಷ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿರುವ ಕಾರ್ಖಾನೆಯೊಂದರ ಸಿಬ್ಬಂದಿ ಬಸ್ಸನ್ನು ಗುತ್ತಿಗೆದಾರರ ಕೈಕೆಳಗೆ ಓಡಿಸುತ್ತಿದ್ದೆ. ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಸೆಕ್ಯೂರಿಟಿಯವರು ಚಾಲಕರಿಗೂ ಲೋಡರುಗಳಿಗೂ ಮೂತ್ರ ಪರೀಕ್ಷೆ ಮಾಡಿದರು. ನನ್ನ ಕಿಟ್ಟಿನಲ್ಲಿ ಮಾರ್ಫೀನ್ ಪಾಸಿಟಿವ್ ಎಂದರು. ನಾನು ಅಂಥದ್ದೇನನ್ನೂ ಮುಟ್ಟಿದವನಲ್ಲ. ಹಿಂದಿನ ದಿನ ತಂಗಿಯ ಸೀಮಂತದಲ್ಲಿ ಗಸಗಸೆ ಪಾಯಸ ಕುಡಿದಿದ್ದೆ, ಕೆಮ್ಮಿಗೆಂದು ಮೆಡಿಕಲ್ ಸ್ಟೋರಿನಿಂದ ಸಿರಪ್ ತಂದು ನಾಲ್ಕು ದಿನದಿಂದ ಕುಡಿಯುತ್ತಿದ್ದೆ. ಹೇಳಿದರೂ ಯಾರೂ ಬರೆದುಕೊಳ್ಳಲಿಲ್ಲ. ಗುರುತಿನ ಚೀಟಿ ತೆಗೆದುಕೊಂಡು ನಾಳೆಯಿಂದ ಬರಬೇಡ ಎಂದರು. ಸೂಪರ್‌ವೈಸರ್ ಚಾಲಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಹೆಸರು ಹಾಕಿದ್ದಾರೆ. ಈಗ ರಾಜೀನಾಮೆ ಬರೆದುಕೊಟ್ಟರೆ ಬಾಕಿ ಸಂಬಳ ಕೊಡುತ್ತೇವೆ ಎನ್ನುತ್ತಿದ್ದಾರೆ. ಪಾಯಸದಿಂದ ಹೀಗಾಗುತ್ತದೆಯೇ? ಆಫೀಸಿನವರನ್ನು ಬಿಟ್ಟು ನಮ್ಮನ್ನು ಮಾತ್ರ ಪರೀಕ್ಷಿಸುವುದು ನ್ಯಾಯವೇ? ಲೈಸೆನ್ಸ್ ರದ್ದಾಗುತ್ತದೆ ಎಂದು ಜೊತೆಯವರು ಹೆದರಿಸುತ್ತಿದ್ದಾರೆ. ನಾನು ಏನು ಮಾಡಬೇಕು, ಮುಂದೆ ಬೇರೆ ಕಡೆ ಕೆಲಸ ಕೇಳುವಾಗ ಇದನ್ನು ಹೇಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಆ ಪರೀಕ್ಷೆ ಹೇಳಿದ್ದು ನಿಜವೇ ಎಂಬುದು ಮೊದಲನೆಯದು; ನಿಜವೇ ಆಗಿದ್ದರೂ ನಿಮ್ಮನ್ನು ನಡೆಸಿಕೊಂಡ ರೀತಿ ಸರಿಯೇ ಎಂಬುದು ಎರಡನೆಯದು. ಔದ್ಯೋಗಿಕ ಆರೋಗ್ಯದ ವೈದ್ಯನಾಗಿ ಇಂತಹ ವರದಿಗಳನ್ನು ಪರಿಶೀಲಿಸುವುದು ನನ್ನ ಕೆಲಸದ ಒಂದು ಭಾಗ. ಆ ಅನುಭವದಿಂದ ಹೇಳುವುದಾದರೆ, ಅನ್ಯಾಯ ಹೆಚ್ಚಾಗಿ ನಡೆಯುವುದು ಪರೀಕ್ಷೆ ಮಾಡುವುದರಲ್ಲಲ್ಲ, ಮೊದಲ ಹಂತದ ಪರೀಕ್ಷೆಯನ್ನೇ ಕೊನೆಯ ತೀರ್ಪೆಂದು ತಿಳಿಯುವುದರಲ್ಲಿ. ನೀವು ಬರೆದದ್ದು ಇದ್ದ ಹಾಗೆಯೇ ನಡೆದಿದ್ದರೆ, ನಿಮಗೆ ಆಗಿರುವುದೂ ಅದೇ.

ಗೇಟಿನಲ್ಲಿ ಬಳಸುವ ಕಿಟ್ ಒಂದು ಜರಡಿ ಮಾತ್ರ. ಅಫೀಮಿನ ಮುಖ್ಯ ವಸ್ತುವಾದ ಮಾರ್ಫೀನಿನ ಆಕಾರವನ್ನು ಹೋಲುವ ಅಣುಗಳು ಮೂತ್ರದಲ್ಲಿ ಒಂದು ಮಟ್ಟಕ್ಕಿಂತ ಹೆಚ್ಚಾಗಿದ್ದರೆ ಅದು ಪಾಸಿಟಿವ್ ತೋರಿಸುತ್ತದೆ. ಆ ಅಣು ಹೆರಾಯಿನಿನಿಂದ ಬಂದದ್ದೋ, ಕೆಮ್ಮಿನ ಔಷಧಿಯಿಂದ ಬಂದದ್ದೋ, ಅಡುಗೆಮನೆಯಿಂದ ಬಂದದ್ದೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಅದನ್ನು ಹೇಳಬಲ್ಲದ್ದು ಪ್ರಯೋಗಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಿಂದ ಮಾಡುವ ದೃಢೀಕರಣ ಪರೀಕ್ಷೆ. ಕಿಟ್ಟುಗಳ ಜೊತೆ ಬರುವ ಸೂಚನಾ ಚೀಟಿಯಲ್ಲಿಯೇ, ಇದು ಪ್ರಾಥಮಿಕ ಫಲಿತಾಂಶ, ಬೇರೆ ವಿಧಾನದಿಂದ ದೃಢಪಡಿಸಿಕೊಳ್ಳಬೇಕು ಎಂದು ಅಚ್ಚಾಗಿರುತ್ತದೆ. ಅದನ್ನು ಓದುವವರು ಕಡಿಮೆ.

ಓದುವ ವಿಷಯ ಬಂದಿರುವುದರಿಂದ, ನಿಮ್ಮ ಕಿಟ್ಟಿನ ಗೆರೆಯನ್ನು ಯಾರು, ಹೇಗೆ ಓದಿದರು ಎಂಬುದನ್ನು ಮೊದಲು ವಿಚಾರಿಸಬೇಕು. ಗರ್ಭಧಾರಣೆಯ ಕಿಟ್ಟಿನಲ್ಲಿ, ಕೋವಿಡ್ ಕಿಟ್ಟಿನಲ್ಲಿ ಎರಡನೆಯ ಗೆರೆ ಮೂಡಿದರೆ ಪಾಸಿಟಿವ್. ಮಾದಕ ವಸ್ತುಗಳ ಈ ಕಿಟ್ಟಿನಲ್ಲಿ ಇದು ತಲೆಕೆಳಗು: ಪರೀಕ್ಷೆಯ ಗೆರೆ ಮೂಡಿದರೆ ನೆಗೆಟಿವ್, ಮೂಡದಿದ್ದರೆ ಪಾಸಿಟಿವ್. ಗೆರೆ ಎಷ್ಟು ಮಸುಕಾಗಿದ್ದರೂ ಅದನ್ನು ನೆಗೆಟಿವ್ ಎಂದೇ ಪರಿಗಣಿಸಬೇಕು. ಸೂಚನೆಯಲ್ಲಿ ಕೊಟ್ಟ ಕೆಲವೇ ನಿಮಿಷಗಳ ಅವಧಿಯೊಳಗೆ ಓದಬೇಕು, ಆಮೇಲೆ ನೋಡಿದರೆ ಅದಕ್ಕೆ ಬೆಲೆಯಿಲ್ಲ. ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಾಗದಂತೆ ಇಡಬೇಕಾದ ಈ ಕಿಟ್ಟುಗಳನ್ನು ತಗಡಿನ ಛಾವಣಿಯ ಸೆಕ್ಯೂರಿಟಿ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟಿರುವುದನ್ನು ನಾನು ಕಂಡಿದ್ದೇನೆ. ತರಬೇತಿಯಿಲ್ಲದ ಸೆಕ್ಯೂರಿಟಿಯವರನ್ನು ದೂರಿ ಪ್ರಯೋಜನವಿಲ್ಲ. ಅವರ ಕೈಗೆ ಈ ಕೆಲಸ ಕೊಟ್ಟವರನ್ನು ಪ್ರಶ್ನಿಸಬೇಕು.

ಈಗ ಪಾಯಸದ ಮಾತು. ಇದನ್ನು ಕೇಳಿ ನಿಮ್ಮ ಮೇಲಧಿಕಾರಿಗಳು ನಕ್ಕಿರಬಹುದು, ಆದರೆ ಇದು ನಗುವ ವಿಷಯವಲ್ಲ. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಬೀಜದೊಳಗೆ ಮಾರ್ಫೀನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿಯ ಹಾಲು ಕೊಯ್ಲಿನ ವೇಳೆ ಬೀಜದ ಹೊರಮೈಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿದೆ ಎಂಬುದು ಬೆಳೆದ ಜಾಗ, ತಳಿ, ಕೊಯ್ಲಿನ ವಿಧಾನಕ್ಕೆ ತಕ್ಕಂತೆ ಬಹಳವಾಗಿ ಬದಲಾಗುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆ ಬೆಳೆದದ್ದು ಮತ್ತು ಟರ್ಕಿಯಂತಹ ದೇಶಗಳಿಂದ ಆಮದಾದದ್ದು ಎರಡೂ ನಮ್ಮ ಅಂಗಡಿಗಳಿಗೆ ಬರುತ್ತವೆ. ಅಮೆರಿಕದಲ್ಲಿ ಗಸಗಸೆ ಹಾಕಿದ ಬ್ರೆಡ್ಡು, ಕೇಕು ತಿಂದವರು ಪಾಸಿಟಿವ್ ಆಗುತ್ತಿದ್ದುದರಿಂದಲೇ 1998ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಪರೀಕ್ಷೆಗಳಲ್ಲಿ ಮಾರ್ಫೀನಿನ ಗಡಿಯನ್ನು ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2000 ನ್ಯಾನೋಗ್ರಾಮಿಗೆ ಏರಿಸಿದರು. ಅಷ್ಟಾದರೂ ಸಮಸ್ಯೆ ಪೂರ್ತಿ ತೀರದೆ, 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ತನ್ನ ಯೋಧರಿಗೆ ಗಸಗಸೆ ತಿನ್ನಬೇಡಿ ಎಂದು ಎಚ್ಚರಿಕೆ ನೀಡಿತು. ನಮ್ಮ ಮಾರುಕಟ್ಟೆಯಲ್ಲಿ 300ರ ಗಡಿಯ ಕಿಟ್ಟುಗಳು ಈಗಲೂ ಸಿಗುತ್ತವೆ. ನಿಮ್ಮನ್ನು ಪರೀಕ್ಷಿಸಿದ ಕಿಟ್ಟಿನ ಪೊಟ್ಟಣದ ಮೇಲೆ 300 ಎಂದಿತ್ತೋ 2000 ಎಂದಿತ್ತೋ ಎಂಬುದು ನಿಮ್ಮ ಪ್ರಕರಣದಲ್ಲಿ ಬಹಳ ಮುಖ್ಯವಾದ ಪ್ರಶ್ನೆ.

ಹಾಗೆಂದು ಪಾಯಸವೇ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಗಸಗಸೆಯನ್ನು ತೊಳೆದರೆ, ಹುರಿದರೆ, ಕುದಿಸಿದರೆ ಮಾರ್ಫೀನ್ ಕಡಿಮೆಯಾಗುತ್ತದೆ. ಪಾಯಸದಲ್ಲಿ ತೆಂಗಿನಕಾಯಿ, ಅಕ್ಕಿ, ಬೆಲ್ಲದ ಪಾಲೂ ಇರುತ್ತದೆ. ಒಂದು ಲೋಟದಿಂದ 300ರ ಗಡಿ ದಾಟಬಹುದು, ದಾಟದೆಯೂ ಇರಬಹುದು. ನಿಮ್ಮ ಪ್ರಕರಣದಲ್ಲಿ ನನಗೆ ಹೆಚ್ಚು ಸಂಶಯವಿರುವುದು ಸಿರಪ್ಪಿನ ಮೇಲೆ. ಬಾಟಲಿಯನ್ನು ಎಸೆಯದಿದ್ದರೆ ಲೇಬಲ್ ನೋಡಿ. ಕೊಡೀನ್ ಫಾಸ್ಫೇಟ್ ಎಂದಿದ್ದರೆ ವಿವರಣೆ ಬಹುಮಟ್ಟಿಗೆ ಅಲ್ಲೇ ಸಿಕ್ಕಂತೆ: ಕೊಡೀನನ್ನೇ ಈ ಕಿಟ್ ಹಿಡಿಯುತ್ತದೆ, ಜೊತೆಗೆ ನಮ್ಮ ಯಕೃತ್ತು ಅದರಲ್ಲಿ ಒಂದು ಪಾಲನ್ನು ಮಾರ್ಫೀನಾಗಿ ಪರಿವರ್ತಿಸುತ್ತದೆ. ಡೆಕ್ಸ್ಟ್ರೋಮೆಥಾರ್ಫಾನ್ ಎಂದಿದ್ದರೆ ಸಿರಪ್ಪಿನ ಮೇಲಿನ ಸಂಶಯ ಕಡಿಮೆಯಾಗುತ್ತದೆ. ಪ್ರಯೋಗಾಲಯದ ಪರೀಕ್ಷೆ ಇವನ್ನೆಲ್ಲ ಬಿಡಿಸಿ ತೋರಿಸಬಲ್ಲದು. ಹೆರಾಯಿನ್ ಬಳಸಿದವರ ಮೂತ್ರದಲ್ಲಿ 6-ಅಸಿಟೈಲ್‌ಮಾರ್ಫೀನ್ ಎಂಬ ವಿಶಿಷ್ಟ ವಸ್ತು ಕೆಲವು ಗಂಟೆಗಳ ಕಾಲ ಸಿಗುತ್ತದೆ. ಕೊಡೀನ್ ಕುಡಿದವರಲ್ಲಿ ಕೊಡೀನಿನ ಪಾಲು ಎದ್ದು ಕಾಣುತ್ತದೆ. ಗಸಗಸೆ ತಿಂದವರಲ್ಲಿ ಅಫೀಮಿನ ಗಿಡದಲ್ಲೇ ಇರುವ ಥೀಬೈನ್ ಎಂಬ ವಸ್ತು ಸಿಗಬಹುದು. ಉತ್ತರ ಕೊಡುವ ವಿಜ್ಞಾನ ಇದ್ದೂ ಅದನ್ನು ಕೇಳದೆಯೇ ನಿಮ್ಮನ್ನು ಮನೆಗೆ ಕಳುಹಿಸಿದ್ದಾರೆ ಎಂಬುದೇ ನನಗೆ ಬೇಸರ ತರುವ ಸಂಗತಿ.

ಒಂದು ಮಾತನ್ನು ನಿಮಗೂ ಹೇಳಬೇಕು. ಕೊಡೀನ್ ಇರುವ ಸಿರಪ್ಪನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮತ್ತು ಅದನ್ನು ನಾಲ್ಕು ದಿನ ಕುಡಿಯುತ್ತಾ ಐವತ್ತು ಜನರನ್ನು ಕೂರಿಸಿಕೊಂಡು ಬಸ್ ಓಡಿಸುವುದು ಅಪಾಯಕಾರಿ. ನೆಗಡಿ, ಕೆಮ್ಮಿನ ಅನೇಕ ಔಷಧಿಗಳಲ್ಲಿರುವ ಕ್ಲೋರ್‌ಫೆನಿರಮೈನ್ ಈ ಕಿಟ್ಟಿಗೆ ಸಿಗುವುದಿಲ್ಲ, ಆದರೆ ಸ್ಟೀರಿಂಗ್ ಮುಂದೆ ಕಣ್ಣು ಎಳೆಯುವಂತೆ ಮಾಡುತ್ತದೆ. ನೀವು ತಪ್ಪಿತಸ್ಥರೆಂದು ಇದನ್ನು ಹೇಳುತ್ತಿಲ್ಲ. ವಾಹನ ಓಡಿಸುವ ಕೆಲಸ ಎಂದು ಔಷಧಿ ಕೊಳ್ಳುವಾಗಲೇ ತಿಳಿಸುವ ಅಭ್ಯಾಸ ನಮ್ಮ ಚಾಲಕರಲ್ಲಿ ಬೆಳೆಯಬೇಕು, ಕೇಳುವ ಅಭ್ಯಾಸ ವೈದ್ಯರಲ್ಲಿಯೂ ಬೆಳೆಯಬೇಕು.

ಪಾಸಿಟಿವ್ ಎಂದರೆ ಅಮಲಿನಲ್ಲಿದ್ದಾನೆ ಎಂದೇ ಅರ್ಥ ಎನ್ನುವುದು ಚಾಲಕರಲ್ಲಿಯೂ ಮಾಲೀಕರಲ್ಲಿಯೂ ಇರುವ ದೊಡ್ಡ ತಪ್ಪು ಕಲ್ಪನೆ. ಮದ್ಯದ ವಿಷಯದಲ್ಲಿ ಉಸಿರಿನ ಪರೀಕ್ಷೆ ಆ ಹೊತ್ತಿನ ಸ್ಥಿತಿಯನ್ನು ಸುಮಾರಾಗಿ ಹೇಳುತ್ತದೆ. ಮೂತ್ರ ಪರೀಕ್ಷೆ ಹೇಳುವುದು ಕಳೆದ ದಿನಗಳ ಕಥೆಯನ್ನು. ಅಫೀಮು ವರ್ಗದ ವಸ್ತುಗಳು ಸಾಮಾನ್ಯವಾಗಿ ಎರಡು ಮೂರು ದಿನ ಮೂತ್ರದಲ್ಲಿ ಸಿಗುತ್ತವೆ. ಗಾಂಜಾವನ್ನು ಅಪರೂಪಕ್ಕೊಮ್ಮೆ ಸೇದಿದವನಲ್ಲಿ ಕೆಲವು ದಿನ, ನಿತ್ಯ ಸೇದುವವನಲ್ಲಿ ಬಿಟ್ಟ ಮೇಲೂ ವಾರಗಟ್ಟಲೆ ಅದರ ಕುರುಹು ಉಳಿಯುತ್ತದೆ. ಶಿವರಾತ್ರಿಗೆ ಭಂಗಿ ಕುಡಿದವನ ಸ್ಥಿತಿ ಇನ್ನೂ ವಿಚಿತ್ರ: ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಡುವ ತುದಿ, ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ, 2022ರಲ್ಲಿ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಆ ಕಾಯಿದೆಯಲ್ಲಿ ಭಂಗಿಯನ್ನು ಎಲ್ಲಿಯೂ ನಿಷೇಧಿತ ಎಂದು ಹೇಳಿಲ್ಲವೆಂದಿತು. ಆದರೆ ಕಿಟ್ಟಿಗೆ ಕಾನೂನು ಗೊತ್ತಿಲ್ಲ. ಅದಕ್ಕೆ ಭಂಗಿಯೂ ಒಂದೇ, ಗಾಂಜಾವೂ ಒಂದೇ.

ನಮ್ಮ ಮೋಟಾರು ವಾಹನ ಕಾಯಿದೆಯ 185ನೇ ಕಲಮು ಈ ವ್ಯತ್ಯಾಸವನ್ನು ಗುರುತಿಸಿದೆ. ಮದ್ಯಕ್ಕೆ ಅದು ಸಂಖ್ಯೆ ಕೊಡುತ್ತದೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮಾದಕ ವಸ್ತುವಿಗೆ ಸಂಖ್ಯೆಯಿಲ್ಲ. ವಾಹನವನ್ನು ಸರಿಯಾಗಿ ಹತೋಟಿಯಲ್ಲಿಟ್ಟುಕೊಳ್ಳಲಾಗದಷ್ಟು ಅದರ ಪ್ರಭಾವಕ್ಕೆ ಒಳಗಾಗಿರಬೇಕು ಎಂದು ಅದು ಹೇಳುತ್ತದೆ. ಬ್ರಿಟನ್ 2015ರ ಮಾರ್ಚ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಲವು ಮಾದಕ ವಸ್ತುಗಳಿಗೆ ರಕ್ತದಲ್ಲಿ ಇಷ್ಟೇ ಎಂಬ ಗಡಿಯನ್ನು ತಂದಿತು, ಆದರೆ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಹೇಳಿದಂತೆಯೇ ಸೇವಿಸಿ, ಚಾಲನೆಗೆ ಅಡ್ಡಿಯಾಗದಿದ್ದವರಿಗೆ ರಕ್ಷಣೆಯನ್ನೂ ಅದೇ ಕಾನೂನಿನಲ್ಲಿ ಇಟ್ಟಿತು. ಆದ್ದರಿಂದ ನಿಮ್ಮ ಜೊತೆಯವರ ಹೆದರಿಕೆಗೆ ಉತ್ತರ ಸರಳ: ಕಂಪನಿಯ ಗೇಟಿನಲ್ಲಿ ಸಿಕ್ಕ ಕಿಟ್ಟಿನ ಫಲಿತಾಂಶದಿಂದ ತಾನಾಗಿಯೇ ಲೈಸೆನ್ಸ್ ರದ್ದಾಗುವುದಿಲ್ಲ, ಪೊಲೀಸ್ ಮೊಕದ್ದಮೆಯೂ ಹುಟ್ಟುವುದಿಲ್ಲ. ಅದಕ್ಕೆ ಬೇರೆಯೇ ಅಧಿಕಾರಿಗಳು, ಬೇರೆಯೇ ಕ್ರಮ ಇದೆ.

ಚಾಲಕರನ್ನು ಮಾತ್ರ ಪರೀಕ್ಷಿಸುವುದು ನ್ಯಾಯವೇ ಎಂಬ ನಿಮ್ಮ ಪ್ರಶ್ನೆಯಲ್ಲಿ ನನ್ನ ನಿಲುವು ನಿಮಗೆ ಪೂರ್ತಿ ಹಿಡಿಸಲಾರದು. ಚಾಲಕರನ್ನು ಪರೀಕ್ಷಿಸುವುದು ತಪ್ಪಲ್ಲ ಎಂದೇ ನಾನು ನಂಬಿದ್ದೇನೆ. ಬೆಂಗಳೂರು ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ನಡೆಸಿದ ತಪಾಸಣೆಗಳಲ್ಲಿ ಕುಡಿದ ಚಾಲಕರು ಮತ್ತೆ ಮತ್ತೆ ಸಿಕ್ಕಿಬಿದ್ದಿದ್ದಾರೆ. ಅಮೆರಿಕದ ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ 1987ರ ಜನವರಿಯಲ್ಲಿ ನಡೆದ ರೈಲು ಡಿಕ್ಕಿಯಲ್ಲಿ 16 ಜನ ಸತ್ತರು. ಒಂದು ರೈಲಿನ ಸಿಬ್ಬಂದಿ ಗಾಂಜಾ ಸೇದಿದ್ದುದು ಆಮೇಲೆ ತಿಳಿಯಿತು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಪಘಾತದ ನಂತರ ರೈಲ್ವೆ ನೌಕರರನ್ನು ಪರೀಕ್ಷಿಸುವ ನಿಯಮವನ್ನು ಎತ್ತಿಹಿಡಿಯಿತು, 1991ರಲ್ಲಿ ಸಾರಿಗೆ ನೌಕರರ ಪರೀಕ್ಷೆಗೆ ಕಾನೂನೇ ಬಂತು. ಒಬ್ಬನ ಕ್ಷಣದ ತಪ್ಪಿನಿಂದ ಇತರರ ಜೀವ ಹೋಗುವಂತಹ ಕೆಲಸಗಳಿಗೆ ಬೇರೆ ಅಳತೆ ಇರಬಹುದು ಎಂಬುದೇ ಇದರ ತಿರುಳು. ಲೆಕ್ಕಪತ್ರ ಬರೆಯುವ ಗುಮಾಸ್ತರು ಭಾನುವಾರ ಏನು ಸೇವಿಸಿದರು ಎಂದು ಸೋಮವಾರ ಮೂತ್ರ ಕೇಳುವುದಕ್ಕೆ ಆ ಸಮರ್ಥನೆ ಇಲ್ಲ.

ಆದರೆ ಈ ಸಮರ್ಥನೆಗೂ ಗಡಿಯಿದೆ. ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ, ಅಪಾಯಕಾರಿ ಎಂದು ಎಲ್ಲರೂ ಒಪ್ಪುವ ಕಾಗದದ ಕಾರ್ಖಾನೆಯೊಂದರಲ್ಲಿ ಕೂಡ, ಅಲ್ಲಿ ಮದ್ಯದ ಸಮಸ್ಯೆ ನಿಜವಾಗಿ ಇದೆ ಎಂದು ತೋರಿಸದೆ ಯಾರನ್ನೆಂದರೆ ಅವರನ್ನು ಪರೀಕ್ಷಿಸುವ ನಿಯಮವನ್ನು ಮಾಲೀಕರು ಏಕಪಕ್ಷೀಯವಾಗಿ ಹೇರುವಂತಿಲ್ಲ ಎಂದಿತು. ನಿಮ್ಮ ಕಾರ್ಖಾನೆಗೆ ಈ ಅಳತೆಯನ್ನು ಇಟ್ಟು ನೋಡೋಣ. ಬಸ್ ಓಡಿಸುವವರನ್ನು ಪರೀಕ್ಷಿಸಿದ್ದು ಸರಿ. ಹಾಗಾದರೆ ಕ್ರೇನ್ ನಡೆಸುವವರು, ಬಾಯ್ಲರ್ ನೋಡಿಕೊಳ್ಳುವವರು, ಸ್ವಂತ ಕಾರಿನಲ್ಲಿ ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಕಂಪನಿಯ ಕೆಲಸಕ್ಕೆ ಹೋಗುವ ಮ್ಯಾನೇಜರು, ಇವರೆಲ್ಲ ಅದೇ ಸಾಲಿಗೆ ಬರುತ್ತಾರೆ. ಲೋಡರುಗಳನ್ನು ಸೇರಿಸಿ ಇವರನ್ನು ಬಿಟ್ಟಿದ್ದರೆ, ಅಲ್ಲಿ ಬಳಸಿದ ಅಳತೆ ಅಪಾಯದ್ದಲ್ಲ, ಅಂತಸ್ತಿನದ್ದು. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಅಂತಸ್ತಿನ ಮಾತಿಗೆ ನಮ್ಮ ದೇಶದಲ್ಲಿಯೇ ಸ್ಪಷ್ಟವಾದ ಹೋಲಿಕೆ ಇದೆ. ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು 2022ರ ಜನವರಿ 31ರಿಂದ ಪೈಲಟ್‌ಗಳು, ಕ್ಯಾಬಿನ್ ಸಿಬ್ಬಂದಿ, ವಿಮಾನ ಸಂಚಾರ ನಿಯಂತ್ರಕರಿಗೆ ಮಾದಕ ವಸ್ತುಗಳ ಪರೀಕ್ಷೆಯನ್ನು ತಂದಿವೆ. ವರ್ಷಕ್ಕೆ ಕನಿಷ್ಠ ಶೇ. 10ರಷ್ಟು ಮಂದಿಯನ್ನು ಮುನ್ಸೂಚನೆಯಿಲ್ಲದೆ ಆರಿಸಿ ಪರೀಕ್ಷಿಸಬೇಕು. ಮೊದಲ ಪರೀಕ್ಷೆ ನೆಗೆಟಿವ್ ಆಗದಿದ್ದರೆ ದೃಢೀಕರಣದ ವರದಿ ಬರುವವರೆಗೆ ಅವರನ್ನು ಸುರಕ್ಷತೆಯ ಕೆಲಸದಿಂದ ದೂರವಿಡಲಾಗುತ್ತದೆ, ಕೆಲಸದಿಂದ ತೆಗೆಯುವುದಿಲ್ಲ. ಮೊದಲ ಬಾರಿಗೆ ದೃಢಪಟ್ಟವರನ್ನು ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ವಿಮಾನ ಹಾರಿಸುವವರಿಗೆ ಇಷ್ಟು ಸಾವಧಾನ ಸಾಧ್ಯವಾದರೆ ಬಸ್ ಓಡಿಸುವವರಿಗೆ ಏಕಿಲ್ಲ? ಖಾಸಗಿ ಕಾರ್ಖಾನೆಗಳಿಗೆ ಇಂತಹ ನಿಯಮಾವಳಿ ಇಲ್ಲದಿರುವುದರಿಂದ, ಪ್ರತಿಯೊಂದು ಕಂಪನಿಯೂ ತನಗೆ ತೋಚಿದ್ದನ್ನು ಮಾಡುತ್ತಿದೆ.

ಸಾವಧಾನ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಸಾವಿರ ಚಾಲಕರಲ್ಲಿ ನಿಜವಾಗಿ 20 ಮಂದಿ ಮಾದಕ ವಸ್ತು ಬಳಸುತ್ತಾರೆ ಎಂದಿಟ್ಟುಕೊಳ್ಳಿ. ಕಿಟ್ ಬಳಸುವವರನ್ನೂ ಬಳಸದವರನ್ನೂ ನೂರಕ್ಕೆ 95 ಸಲ ಸರಿಯಾಗಿ ಗುರುತಿಸುತ್ತದೆ ಎಂದೂ ಇಟ್ಟುಕೊಳ್ಳಿ. ಆಗ 20ರಲ್ಲಿ 19 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 980 ನಿರಪರಾಧಿಗಳಲ್ಲಿ ನೂರಕ್ಕೆ ಐವರಂತೆ 49 ಮಂದಿಯೂ ಪಾಸಿಟಿವ್ ಆಗುತ್ತಾರೆ. ಪಾಸಿಟಿವ್ ಬಂದ 68 ಮಂದಿಯಲ್ಲಿ ಬಹುಪಾಲು ಏನೂ ಬಳಸದವರೇ. ಇದು ನಾನು ಊಹಿಸಿಕೊಂಡ ಅಂಕಿಗಳ ಮೇಲಿನ ಲೆಕ್ಕ, ಯಾವುದೇ ಕಿಟ್ಟಿನ ಮೇಲಿನ ಆರೋಪವಲ್ಲ. ಬಳಸುವವರು ಕಡಿಮೆ ಇರುವ ಕಡೆ, 95ರಷ್ಟು ನಿಖರವಾದ ಪರೀಕ್ಷೆಯೂ ಒಂಟಿಯಾಗಿ ನಂಬಲು ಯೋಗ್ಯವಲ್ಲ ಎಂಬುದನ್ನು ಕಂಪನಿಗಳ ಎಚ್‌ಆರ್ ವಿಭಾಗದವರಿಗೆ ನಾನು ತಿಳಿಸುವುದು ಇದೇ ಲೆಕ್ಕದಿಂದ.

ಅಮೆರಿಕದ ಸಾರಿಗೆ ಇಲಾಖೆಯ ಪದ್ಧತಿಯಲ್ಲಿ ನಾನು ಮೆಚ್ಚುವ ಅಂಶವೂ ಇಲ್ಲಿಗೇ ಸಂಬಂಧಿಸಿದ್ದು. ಅಲ್ಲಿ ಮಾದರಿಯನ್ನು ಎರಡು ಬಾಟಲಿಗಳಲ್ಲಿ ಹಂಚಿ ಚಾಲಕನ ಮುಂದೆಯೇ ಮೊಹರು ಮಾಡುತ್ತಾರೆ. ಪ್ರಯೋಗಾಲಯದಲ್ಲಿ ದೃಢಪಟ್ಟ ವರದಿ ನೇರವಾಗಿ ಮಾಲೀಕರಿಗೆ ಹೋಗುವುದಿಲ್ಲ. ಇದಕ್ಕಾಗಿಯೇ ತರಬೇತಾದ ವೈದ್ಯರೊಬ್ಬರು ಮೊದಲು ಚಾಲಕನನ್ನು ಸಂಪರ್ಕಿಸಿ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ, ಚೀಟಿ ಇದೆಯೇ ಎಂದು ವಿಚಾರಿಸುತ್ತಾರೆ. ಒಪ್ಪಬಹುದಾದ ವೈದ್ಯಕೀಯ ಕಾರಣವಿದ್ದರೆ ಮಾಲೀಕರಿಗೆ ನೆಗೆಟಿವ್ ಎಂದೇ ವರದಿ ಹೋಗುತ್ತದೆ. ಒಪ್ಪದ ಚಾಲಕ 72 ಗಂಟೆಗಳೊಳಗೆ ಎರಡನೆಯ ಬಾಟಲಿಯನ್ನು ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಕೇಳಬಹುದು. ನೀವು ಪಾಯಸದ ಬಗ್ಗೆ, ಸಿರಪ್ಪಿನ ಬಗ್ಗೆ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ ಎಂದಿದ್ದೀರಲ್ಲ, ಆ ಕಡೆ ಅದಕ್ಕೆಂದೇ ಒಬ್ಬ ವೈದ್ಯರಿರುತ್ತಾರೆ.

ಉಸಿರಿನ ಪರೀಕ್ಷೆಯ ಬಗ್ಗೆಯೂ ಚಾಲಕರಿಂದ ಪ್ರಶ್ನೆಗಳು ಬರುವುದರಿಂದ ಸಂಕ್ಷಿಪ್ತವಾಗಿ ಹೇಳುತ್ತೇನೆ. ಕೇರಳದ ಪಂದಳಂ ಬಸ್ ಡಿಪೋದಲ್ಲಿ 2025ರಲ್ಲಿ ಕುಡಿಯದ ಚಾಲಕರು ಪಾಸಿಟಿವ್ ಆದಾಗ, ಅವರು ತಿಂದಿದ್ದ ಬಲಿತ ಹಲಸಿನ ಹಣ್ಣೇ ಕಾರಣವೆಂದು ಅಲ್ಲಿಯೇ ಪರೀಕ್ಷಿಸಿ ಕಂಡುಕೊಂಡರು. ಹುಳಿತ ಹಣ್ಣು, ಬಾಯಿ ಮುಕ್ಕಳಿಸುವ ದ್ರವ, ಹೋಮಿಯೋಪಥಿ ಹನಿಗಳು, ಆಯುರ್ವೇದದ ಆಸವ ಅರಿಷ್ಟಗಳು ಬಾಯಿಯಲ್ಲಿ ಮದ್ಯಸಾರವನ್ನು ಉಳಿಸುತ್ತವೆ. ನೀರಿನಿಂದ ಬಾಯಿ ತೊಳೆದು 15 ನಿಮಿಷ ಬಿಟ್ಟು ಮತ್ತೆ ಊದಿಸಿದರೆ ಅದು ಇಳಿದಿರುತ್ತದೆ, ಕುಡಿದವನ ಅಂಕಿ ಅಷ್ಟರಲ್ಲಿ ಇಳಿಯುವುದಿಲ್ಲ. ರಾತ್ರಿ ಕುಡಿದು ಬೆಳಿಗ್ಗೆ ಸ್ನಾನ ಮಾಡಿ ಕಾಫಿ ಕುಡಿದರೆ ಸರಿಹೋಗುತ್ತದೆ ಎಂಬುದು ಮಾತ್ರ ಪೂರ್ತಿ ಸುಳ್ಳು. ದೇಹ 100 ಮಿಲಿಲೀಟರ್ ರಕ್ತದಿಂದ ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಮಾತ್ರ ಮದ್ಯವನ್ನು ಕಳೆಯುತ್ತದೆ. ನಡುರಾತ್ರಿ 150 ಇದ್ದವನಲ್ಲಿ ಬೆಳಿಗ್ಗೆ ಆರಕ್ಕೆ ಇನ್ನೂ 60 ಉಳಿದಿರುತ್ತದೆ, ಅಂದರೆ ಕಾನೂನಿನ ಗಡಿಯ ಎರಡರಷ್ಟು.

ಯಾವ ಕಿಟ್ಟೂ ಅಳೆಯದ ಇನ್ನೊಂದು ವಸ್ತು ಇದೆ, ಅದು ನಿದ್ದೆ. 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈ ಕಣ್ಣುಗಳ ಹೊಂದಾಣಿಕೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರಲ್ಲಿಯೇ ಪ್ರಕಟವಾದ ಸಂಶೋಧನೆ ತೋರಿಸಿದೆ. ನಮ್ಮ ಕಾನೂನಿನ ಗಡಿ 30. ಚಾಲಕರ ದುಡಿಮೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಕಾಲದಲ್ಲೇ ನಿಯಮವಾಗಿದ್ದರೂ, ರಾತ್ರಿ ಪಾಳಿಯವರನ್ನು ಮನೆಗೆ ಬಿಟ್ಟು ಬೆಳಗಿನ ಪಾಳಿಯವರನ್ನು ಕರೆತರಲು ಅದೇ ಚಾಲಕನನ್ನು ಕಳುಹಿಸುವುದು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಮಾಮೂಲಾಗಿದೆ. ಎಚ್ಚರವಾಗಿರಲು ಮಾತ್ರೆ, ಎಲೆ, ಪುಡಿಗಳ ಮೊರೆಹೋಗುವ ಚಾಲಕರಲ್ಲಿ ಅನೇಕರ ಕಥೆ ಇಲ್ಲಿಂದಲೇ ಶುರುವಾಗುತ್ತದೆ. ಸುರಕ್ಷತೆಗಾಗಿ ಮೂತ್ರ ಪರೀಕ್ಷಿಸುವ ಕಂಪನಿ, ಅದೇ ದಿನದ ಟ್ರಿಪ್ ಶೀಟನ್ನೂ ಪರೀಕ್ಷಿಸಲಿ. ಅದಕ್ಕೆ ಕಿಟ್ಟಿನ ಖರ್ಚೂ ಇಲ್ಲ.

ಈಗ ನೀವು ಮಾಡಬಹುದಾದದ್ದು. ಎಲ್ಲಕ್ಕಿಂತ ಮೊದಲು, ರಾಜೀನಾಮೆ ಬರೆದುಕೊಡಬೇಡಿ. ದುಡಿದ ದಿನಗಳ ಸಂಬಳ ನಿಮ್ಮ ಹಕ್ಕು, ಅದಕ್ಕೆ ರಾಜೀನಾಮೆಯ ಷರತ್ತು ಹಾಕುವಂತಿಲ್ಲ. ಒಮ್ಮೆ ಸ್ವಇಚ್ಛೆಯಿಂದ ಬಿಟ್ಟೆನೆಂದು ಬರೆದರೆ, ಕೆಲಸದಿಂದ ತೆಗೆದರು ಎಂಬ ನಿಮ್ಮ ಮಾತಿಗೆ ಆಧಾರವೇ ಉಳಿಯುವುದಿಲ್ಲ.

ಅನಂತರ ಗುತ್ತಿಗೆದಾರರಿಗೂ ಕಾರ್ಖಾನೆಯ ಆಡಳಿತಕ್ಕೂ ಸ್ಪೀಡ್ ಪೋಸ್ಟಿನಲ್ಲಿ ಒಂದೇ ಪತ್ರ ಬರೆಯಿರಿ. ಪರೀಕ್ಷೆಯ ದಿನಾಂಕ, ಸಮಯ, ಕಿಟ್ಟಿನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಗಡಿ 300 ಅಥವಾ 2000, ಓದಿದವರು ಯಾರು, ಅವರಿಗೆ ತರಬೇತಿ ಇತ್ತೇ, ಉಳಿದ ಮೂತ್ರವನ್ನು ಮೊಹರು ಮಾಡಿ ಶೀತದಲ್ಲಿ ಇಟ್ಟಿದ್ದಾರೆಯೇ, ಇಷ್ಟನ್ನೂ ಲಿಖಿತವಾಗಿ ಕೇಳಿ. ಇಟ್ಟಿದ್ದರೆ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ದೃಢೀಕರಣ ಪರೀಕ್ಷೆ ಮಾಡಿಸಲು ಒತ್ತಾಯಿಸಿ. ಇಲ್ಲಿ ಒಂದು ಅಪಾಯವನ್ನು ತಿಳಿದಿರಬೇಕು: ಆ ವರದಿ ನಿಮ್ಮ ಪರವಾಗಿಯೇ ಬರುತ್ತದೆಂಬ ಭರವಸೆ ಇಲ್ಲ, ಬಂದದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಸಿರಪ್ಪಿನ ಬಾಟಲಿ, ಖರೀದಿಯ ರಸೀದಿ, ಸೀಮಂತದ ಊಟದ ಬಗ್ಗೆ ಹೇಳಬಲ್ಲವರ ಹೆಸರುಗಳನ್ನು ಈಗಲೇ ಜೋಡಿಸಿಕೊಳ್ಳಿ. ಮಾದರಿಯನ್ನು ಅಂದೇ ಚೆಲ್ಲಿದ್ದರೆ ಅವರ ಬಳಿ ಉಳಿದಿರುವುದು ಒಂದು ಪ್ಲಾಸ್ಟಿಕ್ ಪಟ್ಟಿಯ ನೆನಪು ಅಥವಾ ಫೋಟೋ ಮಾತ್ರ, ವಿಚಾರಣೆಯಲ್ಲಿ ಅದು ದುರ್ಬಲ ಸಾಕ್ಷ್ಯ.

ಈಗ ಖಾಸಗಿ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿ ನೆಗೆಟಿವ್ ವರದಿ ತರುತ್ತೇನೆ ಎಂದು ಅನೇಕರು ಹೊರಡುತ್ತಾರೆ. ಎರಡು ಮೂರು ದಿನದಲ್ಲಿ ಮಾಯವಾಗುವ ವಸ್ತುವನ್ನು ವಾರಗಳ ನಂತರ ಹುಡುಕಿ ಇಲ್ಲವೆಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಹಣ ಉಳಿಸಿಕೊಳ್ಳಿ. ಕೂದಲಿನ ಪರೀಕ್ಷೆ ಸುಮಾರು 90 ದಿನಗಳ ನಿರಂತರ ಬಳಕೆಯನ್ನು ತೋರಿಸಬಲ್ಲದು, ಆದರೆ ಅದು ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ, ಒಂದೆರಡು ಸಲದ ಬಳಕೆಯನ್ನು ಅಲ್ಲಗಳೆಯಲೂ ಆಗದು. ವಕೀಲರು ಹೇಳಿದರೆ ಮಾತ್ರ ಅದಕ್ಕೆ ಕೈಹಾಕಿ.

ಆಡಳಿತ ಉತ್ತರಿಸದಿದ್ದರೆ ಕಾರ್ಮಿಕ ಇಲಾಖೆಯ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ ಸಂಧಾನಕ್ಕೆ ಅರ್ಜಿ ಕೊಡಿ. ದೋಷಾರೋಪಣೆ ಪತ್ರವಿಲ್ಲದೆ, ನಿಮ್ಮ ಮಾತು ಕೇಳದೆ, ಬಾಯಿಮಾತಿನಲ್ಲಿ ಕೆಲಸದಿಂದ ತೆಗೆದಿರುವುದೇ ಅಲ್ಲಿ ನಿಮ್ಮ ಮುಖ್ಯ ವಾದ. ಸ್ಥಾಯಿ ಆದೇಶಗಳು, ಅಂದರೆ ದೊಡ್ಡ ಸಂಸ್ಥೆಗಳ ಕಾರ್ಮಿಕರ ಸೇವಾ ನಿಯಮಗಳು, ಅನ್ವಯಿಸುವ ಸಂಸ್ಥೆಯಾಗಿದ್ದರೆ, ವಿಚಾರಣೆಗಾಗಿ ಅಮಾನತಿನಲ್ಲಿಟ್ಟ ಕಾರ್ಮಿಕನಿಗೆ ಮೊದಲ 90 ದಿನ ಅರ್ಧ ಸಂಬಳ, ಅವನ ತಪ್ಪಿಲ್ಲದೆ ವಿಚಾರಣೆ ಬೆಳೆದರೆ ಅನಂತರ ಶೇ. 75ರಷ್ಟು ಜೀವನಾಧಾರ ಭತ್ಯೆ ಕೊಡಬೇಕು. ಗುತ್ತಿಗೆ ಕಾರ್ಮಿಕರ ದಾರಿ ಕಷ್ಟದ್ದು ಎಂಬುದನ್ನು ಮುಚ್ಚಿಡಲಾರೆ. ಕಾರ್ಖಾನೆ ಗುತ್ತಿಗೆದಾರರ ಕಡೆಗೆ, ಗುತ್ತಿಗೆದಾರರು ಕಾರ್ಖಾನೆಯ ಕಡೆಗೆ ಬೆರಳು ತೋರಿಸುತ್ತಾರೆ, ತಿಂಗಳುಗಳು ಕಳೆಯುತ್ತವೆ. ಸಂಘವಿದ್ದರೆ ಅದರ ಮೂಲಕ ಹೋಗಿ, ತಡಮಾಡಬೇಡಿ. ವಾಟ್ಸ್ಆ್ಯಪ್ ಗುಂಪಿನ ಸಂದೇಶದ ಸ್ಕ್ರೀನ್‌ಶಾಟನ್ನು ಭದ್ರವಾಗಿಡಿ. ಆರೋಗ್ಯದ ಫಲಿತಾಂಶವನ್ನು, ಅದೂ ದೃಢಪಡದ್ದನ್ನು, ಹತ್ತು ಜನರ ಮುಂದೆ ಸಾರಿದ್ದಕ್ಕೆ ಸಮರ್ಥನೆ ಇಲ್ಲ. ಆದರೆ ಮಾನನಷ್ಟದ ನೋಟಿಸನ್ನು ಮೊದಲ ಹೆಜ್ಜೆಯಾಗಿ ಇಡಬೇಡಿ ಎಂಬುದು ನನ್ನ ಸಲಹೆ. ಕೆಲಸ ಮರಳಿ ಸಿಗುವ ಮಾತುಕತೆಯ ಬಾಗಿಲು ಅಲ್ಲಿಗೆ ಮುಚ್ಚುವುದು ಹೆಚ್ಚು. ಆ ಸಂದೇಶವನ್ನು ಅಳಿಸಿ ತಿದ್ದುಪಡಿ ಹಾಕಿ ಎಂದು ಪತ್ರದಲ್ಲಿಯೇ ಕೇಳಿ.

ನಿಮ್ಮ ಜೊತೆಯ ಚಾಲಕರಲ್ಲಿ ನಿಜವಾಗಿಯೂ ಮದ್ಯಕ್ಕೋ ಮಾತ್ರೆಗೋ ಅಂಟಿಕೊಂಡವರು ಈ ಉತ್ತರ ಓದುತ್ತಿದ್ದರೆ ಅವರಿಗೊಂದು ಮಾತು. ಪರೀಕ್ಷೆಯ ದಿನ ಬಿಂದಿಗೆ ನೀರು ಕುಡಿಯುವುದು, ಬೇರೆಯವರ ಮೂತ್ರ ತರುವುದು ಇವೆಲ್ಲ ಸಿಕ್ಕಿಬೀಳುವ ದಾರಿಗಳು. ಮೂತ್ರದ ಉಷ್ಣತೆ, ಸಾಂದ್ರತೆ, ಕ್ರಿಯಾಟಿನಿನ್ ನೋಡಿದರೆ ಗೊತ್ತಾಗುತ್ತದೆ. ನಿತ್ಯ ಕುಡಿಯುವವರು, ನಿದ್ದೆಮಾತ್ರೆ ನುಂಗುವವರು ಹೆದರಿಕೆಯಿಂದ ದಿಢೀರನೆ ನಿಲ್ಲಿಸುವುದೂ ಅಪಾಯ, ಅದರಿಂದ ಫಿಟ್ಸ್ ಬರಬಹುದು. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, 14416 ಟೆಲಿ ಮಾನಸ್, ಎರಡೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗವೇ ಇದೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಕೊಡುವ ಅವಕಾಶ ಎನ್‌ಡಿಪಿಎಸ್ ಕಾಯಿದೆಯ 64ಎ ಕಲಮಿನಲ್ಲಿಯೇ ಇದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅಮೆರಿಕದಲ್ಲಿ 2020ರಿಂದ ವಾಣಿಜ್ಯ ವಾಹನ ಚಾಲಕರ ಪರೀಕ್ಷಾ ಫಲಿತಾಂಶಗಳಿಗೆ ಕೇಂದ್ರ ದಾಖಲೆ ಇದೆ, ಹೊಸ ಮಾಲೀಕರು ಅದನ್ನು ನೋಡಲೇಬೇಕು. ನಮ್ಮಲ್ಲಿ ಅಂಥದ್ದು ಇಲ್ಲ. ಆದ್ದರಿಂದ ನೀವಾಗಿ ಹೇಳಿಕೊಳ್ಳುವ ಅಗತ್ಯವಿಲ್ಲ. ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದು ನೇರವಾಗಿ ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ: ಪ್ರಾಥಮಿಕ ಕಿಟ್ಟಿನ ಫಲಿತಾಂಶದ ಮೇಲೆ ತೆಗೆದರು, ದೃಢೀಕರಣ ಪರೀಕ್ಷೆ ಕೇಳಿ ಇಂಥ ದಿನ ಪತ್ರ ಬರೆದಿದ್ದೇನೆ, ನಿಮ್ಮ ಪ್ರಯೋಗಾಲಯದಲ್ಲಿ ಯಾವಾಗ ಬೇಕಾದರೂ ಪರೀಕ್ಷೆಗೆ ಸಿದ್ಧ ಎನ್ನಿ, ಅಂಚೆಯ ರಸೀದಿಯನ್ನು ತೋರಿಸಿ. ಅಲ್ಲಿ ಪರೀಕ್ಷೆ ಎಂದಾದರೆ, ತೆಗೆದುಕೊಳ್ಳುತ್ತಿರುವ ಔಷಧಿಗಳನ್ನು ಮಾದರಿ ಕೊಡುವ ಮುನ್ನವೇ ಬರವಣಿಗೆಯಲ್ಲಿ ತಿಳಿಸಿ ಸಹಿ ಪಡೆಯಿರಿ. ಅದಕ್ಕೂ ಹಿಂದಿನ ಮೂರು ದಿನ ಗಸಗಸೆ ಹಾಕಿದ ಯಾವ ಅಡುಗೆಯನ್ನೂ ಊಟಕ್ಕೆ ಬಡಿಸಿಕೊಳ್ಳಬೇಡಿ.